ಅರ್ಥ್ ಆಯ್ತಾ?

17-4-1961, ಸೋಮವಾರ. ಹನ್ನೊಂದೂಕಾಲು

ಬೆಳಿಗ್ಗೆಯಿಂದ ಇಪ್ಪತ್ತಾರು ಕಾಲ್. ನಾಲ್ಕು ರಾಂಗ್ ನಂಬರ್. ಅದರಲ್ಲೊಬ್ಬ ಹೆಂಗಸು ನನ್ನನ್ನು ತನ್ನ ಸೊಸೆ ಎಂದೇ ತಿಳಿದು ಚೆನ್ನಾಗಿ ಬೈದರು. ‘ಆಗಲಿ ಅತ್ತೆ’ ಎಂದು ಹೇಳಿ ಪ್ಲಗ್ ಎಳೆದೆ. ಪಾಪ, ಆ ಸೊಸೆಗೆ ಇವತ್ತು ಸ್ವಲ್ಪ ನೆಮ್ಮದಿ.

ಈ ಪುಸ್ತಕ ಟೆಲಿಫೋನ್ ಬೋರ್ಡಿನ ಡ್ರಾಯರಿನಲ್ಲೇ ಇರಲಿ. ಮನೆಗೆ ಒಯ್ದರೆ ಅಮ್ಮ ಓದುತ್ತಾಳೆ. ಇಲ್ಲಿ ಯಾರಿಗೂ ಬೇಡ — ಊದುಬತ್ತಿ ಕಂಪನಿಯಲ್ಲಿ ಎಲ್ಲರಿಗೂ ಗಂಧದ್ದೇ ಚಿಂತೆ. ಹೊರಗಿನ ಲೈನ್ ಎರಡು, ಒಳಗಿನವು ಹತ್ತು. ಯಾರಾದರೂ ಕರೆದರೆ ಅವರ ನಂಬರಿನ ಪುಟ್ಟ ಹಿತ್ತಾಳೆ ಬಾಗಿಲು ಟಪ್ ಎಂದು ಬೀಳುತ್ತದೆ. ಎರಡು ಬಾಗಿಲು ಬೀಳುವುದರ ನಡುವೆ ಸಿಕ್ಕಷ್ಟು ಬರೆಯುವುದು.

ಇಂಟರ್ ಫೇಲಾದವಳಿಗೆ ಈ ಕುರ್ಚಿ ಸಿಕ್ಕಿತಲ್ಲ. ಎರಡು ವರ್ಷವಾಗುತ್ತಾ ಬಂತು, ಇನ್ನೂ ಬೆಳಿಗ್ಗೆ ಕೂರುವಾಗ ಖುಷಿಯಾಗುತ್ತದೆ. ಇವತ್ತು ಸೆಕೆ ವಿಪರೀತ, ಸಾರಕ್ಕಿ ಕೆರೆ ಕಡೆ ಮೋಡ —

ಮೂರನೇ ಬಾಗಿಲು. ಬಂದೆ.

18-4-1961, ಮಂಗಳವಾರ. ಸಂಜೆ ನಾಲ್ಕೂವರೆ

ಬೋರ್ಡು ಸತ್ತಿದೆ.

ಮೂರು ಗಂಟೆಗೆ ಮಳೆ. ಕಟ್ಟಡದ ಮುಂದಿನ ಕಂಬಕ್ಕೇ ಸಿಡಿಲು. ಬಲ್ಬು ಬೆಳ್ಳಗೆ ಉರಿದು ಒಡೆಯಿತು. ನನ್ನ ಹನ್ನೆರಡು ಬಾಗಿಲೂ ಒಂದೇ ಸಲ ಬಿದ್ದವು! ಹನ್ನೆರಡು ಜನರೂ ಒಟ್ಟಿಗೆ ಕರೆದರೆಂದು ತಿಳಿದು, ನಾನೂ ದಡ್ಡಿ, ಮೊದಲನೆಯದಕ್ಕೆ ‘ನಂಬರ್ ಪ್ಲೀಸ್’ ಅಂದೆ.

ಆಮೇಲೆ ಏನೂ ಇಲ್ಲ. ಕಿವಿಗೆ ಬರೀ ಮೌನ. ಸುಟ್ಟ ವಾಸನೆ ಬಂದಿರಬೇಕು, ಆದರೆ ಈ ಆಫೀಸಿನಲ್ಲಿ ಯಾರ ಮೂಗಿಗೆ ಗೊತ್ತಾಗುತ್ತದೆ?

19-4-1961, ಬುಧವಾರ

ಒಂದೂ ಕಾಲ್ ಇಲ್ಲ. ಬರೆಯಲು ಬೇಕಾದಷ್ಟು ಹೊತ್ತು. ಇಷ್ಟು ಹೊತ್ತು ನನಗೆ ಬೇಡವಾಗಿತ್ತು.

ಮ್ಯಾನೇಜರ್ ಶಾಂತವೀರಪ್ಪನವರು ಬಂದು ಬೋರ್ಡಿನ ಮುಂದೆ ನಿಂತರು. ಅವರು ಕೂಗಾಡುವವರಲ್ಲ. ಅದೇ ಹೆದರಿಕೆ.

“ನೋಡಿ ಸತ್ಯಭಾಮಾ ಅವ್ರೇ, ಸೋಮವಾರದೊಳಗೆ ರಿಪೇರಿ ಆದ್ರೆ ಸರಿ. ಇಲ್ದೇ ಇದ್ರೆ ಇದನ್ನ ತೆಗೆಸಿ ಎರಡು ನೇರ ಫೋನ್ ಹಾಕ್ಸಿಬಿಡ್ತೀನಿ.”

“ನಾನು, ಸಾರ್?”

“ನಿಮಗೇನು? ಲೇಬಲ್ ಸೆಕ್ಷನ್ ಇದೆಯಲ್ಲ.”

ಲೇಬಲ್ ಸೆಕ್ಷನ್ ಎಂದರೆ ಗೋಂದಿನ ಬಟ್ಟಲು, ಉದ್ದ ಬೆಂಚು. ಅಲ್ಲಿಯವರು ಒಳ್ಳೆಯವರೇ. ಆದರೆ ಅಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಇಲ್ಲಿ ದಿನಕ್ಕೆ ನೂರು ಸಲ ಕರೆಯುತ್ತಾರೆ. ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದೆ.

20-4-1961, ಗುರುವಾರ

ಗಂಗಾಧರಯ್ಯನವರು ಬಂದರು! ಎರಡು ವರ್ಷದ ಹಿಂದೆ ಈ ಬೋರ್ಡು ಕೂರಿಸಿದ ಮೆಕ್ಯಾನಿಕ್. ನನಗೆ ಪ್ಲಗ್ ಹಿಡಿಯಲು ಕಲಿಸಿದವರೂ ಅವರೇ. ಹಣೆಗೆ ವಿಭೂತಿ, ಜೇಬಿನಲ್ಲಿ ಸ್ಕ್ರೂಡ್ರೈವರ್. ಜೂನ್‌ನಲ್ಲಿ ರಿಟೈರ್ ಅಂತೆ.

ಹಿಂದಿನ ಬಾಗಿಲು ಬಿಚ್ಚಿ ತಂತಿ ಸುರುಳಿಗಳನ್ನು ಒಂದೊಂದಾಗಿ ಮೂಸಿದರು. ಒಂದನ್ನು ನನ್ನ ಮೂಗಿಗೂ ಹಿಡಿದರು.

“ಇದು ನಿಮ್ಮ ಚಂದನ ಅಲ್ಲಮ್ಮ. ಸುಟ್ಟಿದೆ.”

ಐದು ಸುರುಳಿ ಹೋಗಿವೆ. ಫ್ಯೂಸುಗಳೆಲ್ಲ ಹೋಗಿವೆ. ಉಳಿದದ್ದು ಬದುಕುತ್ತದೆಯಂತೆ. ಬದುಕುತ್ತದೆ! ಮಧ್ಯಾಹ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವರಿಗೆ ಕೊಟ್ಟೆ. ಅವರು ಲೈನ್ ಒಂದೊಂದನ್ನೇ ಟೆಸ್ಟ್ ಮಾಡುವುದು, ನಾನು ನಂಬರ್ ಓದುವುದು. ಹಿತವಾದ ದಿನ. ಒಂದೇ ಮಾತು ಅವರನ್ನು ಕೊರೆಯುತ್ತಿದೆ — ಸಿಡಿಲು ಇಷ್ಟು ಒಳಗೆ ಬರಬಾರದಿತ್ತು, ನೆಲಕ್ಕೆ ಹೋಗಬೇಕಿತ್ತು. ಯಾಕೆ ಹೋಗಲಿಲ್ಲ?

22-4-1961, ಶನಿವಾರ. ಒಂದು ಗಂಟೆ

ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಬೋರ್ಡಿನಿಂದ ಒಂದು ದಪ್ಪ ತಾಮ್ರದ ತಂತಿ ಕಿಟಕಿ ದಾಟಿ ಹಿತ್ತಲಿಗೆ ಇಳಿಯುತ್ತದೆ. ಅದಕ್ಕೆ ಅರ್ಥ್ ಅನ್ನುತ್ತಾರೆ. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕೊಳವೆ ಹೂತು, ಆ ತಂತಿಯನ್ನು ಅದಕ್ಕೆ ಬಿಗಿಯಬೇಕು. ಸಿಡಿಲು ಆ ದಾರಿಯಲ್ಲಿ ಮಣ್ಣಿಗೆ ಹೋಗುತ್ತದೆ. ನಾವಿಬ್ಬರೂ ಹಿತ್ತಲಿಗೆ ಹೋಗಿ ನೋಡಿದೆವು. ಗುಂಡಿಯೂ ಇಲ್ಲ, ಕೊಳವೆಯೂ ಇಲ್ಲ. ತಂತಿ ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಎಳೆದು ಕಟ್ಟಿದೆ. ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿದೆ.

ಕಸ ಗುಡಿಸುವ ಮುನಿವೆಂಕಟಮ್ಮ ಹೆದರಿಬಿಟ್ಟಳು. “ನಂಗೇನ್ ಗೊತ್ತು ಸಾಮಿ? ಕೂಲಿಯೋನು ಅಂಗೇ ಬಿಟ್ಟು ಓಗಿದ್ದ. ಬಟ್ಟೆ ಒಣಗ್ಸಾಕೆ ಅಂತ ನಾನೇ ಎಳ್ದು ಕಟ್ಕಂಡೆ.”

ಗಂಗಾಧರಯ್ಯನವರು ತಲೆ ಕೆರೆದುಕೊಂಡರು. “ಬೋರ್ಡು ಕೂರ್ಸಿದ ದಿನ ನಾನು ಕಂಬದ ಮೇಲಿದ್ದೆ. ಅಲ್ಲಿಂದ್ಲೇ ಟೆಸ್ಟ್ ಫೋನಲ್ಲಿ ಕೇಳ್ದೆ, ಅರ್ಥ್ ಆಯ್ತಾ ಅಂತ. ಆಯ್ತು ಅಂದ್ರಲ್ಲ ಯಾರೋ...”

ಯಾರೋ ಅಲ್ಲ. ನಾನು. ಕೆಲಸಕ್ಕೆ ಸೇರಿದ ಮೊದಲ ದಿನ. ಬೆಳಿಗ್ಗೆಯೆಲ್ಲ ಅವರು ಪ್ಲಗ್ ಪಾಠ ಹೇಳಿದ್ದರು. ಮಧ್ಯಾಹ್ನ ಕಿವಿಯಲ್ಲಿ ಕೇಳಿಸಿತು: “ಅರ್ಥ್ ಆಯ್ತಾ?” ನಾನು ಎಷ್ಟು ಉತ್ಸಾಹದಿಂದ ಹೇಳಿದೆ: “ಓಹೋ, ಚೆನ್ನಾಗಿ ಅರ್ಥ ಆಯ್ತು ಸಾರ್!” ಅವರು ‘ಭೇಷ್’ ಅಂದಿದ್ದರು. ಆ ‘ಭೇಷ್’ ಅನ್ನು ಮನೆಯಲ್ಲಿ ಅಮ್ಮನಿಗೆ ನಾಲ್ಕು ಸಲ ಹೇಳಿದ್ದೆ.

ಅಲ್ಲೇ, ಹಿತ್ತಲಲ್ಲೇ, ಅವರಿಗೆ ಹೇಳಿಬಿಟ್ಟೆ. ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು — ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಹೇಳಿದರು:

“ಯಾರಿಗೂ ಹೇಳ್ಬೇಡಿ. ಕೇಳಿದ್ದು ನಾನು. ಇಳಿದು ಬಂದು ಕಣ್ಣಾರೆ ನೋಡ್ದೆ ‘ಅರ್ಥ್ ಓಕೆ’ ಅಂತ ಸೈನ್ ಹಾಕಿದ್ದೂ ನಾನೇ.”

ಶಾಂತವೀರಪ್ಪನವರು ರಿಪೋರ್ಟು ಕೇಳಿದ್ದಾರೆ. ಏನು ಕಾರಣ, ಯಾರ ತಪ್ಪು, ಎರಡೂ ಬೇಕಂತೆ. ಗಂಗಾಧರಯ್ಯನವರು ತಮ್ಮ ಹೆಸರನ್ನೇ ಬರೆಯುತ್ತಾರಂತೆ. ಮೂವತ್ತು ವರ್ಷದ ಸರ್ವಿಸಿಗೆ ಕೊನೆಯ ಕಾಗದ ಅದು.

ನಾನು ಬಾಯಿ ಬಿಟ್ಟರೆ ಲೇಬಲ್ ಬೆಂಚು. ಸುಮ್ಮನಿದ್ದರೆ ಕುರ್ಚಿ. ನನಗೆ ಈ ಕುರ್ಚಿ ಬೇಕು. ತುಂಬ ಬೇಕು.

24-4-1961, ಸೋಮವಾರ. ಹನ್ನೆರಡು ಗಂಟೆ

ಬೆಳಿಗ್ಗೆ ಎಂಟಕ್ಕೇ ಗುಂಡಿ ತೋಡಿಸಿದರು. ಇದ್ದಿಲು, ಉಪ್ಪು, ಕೊಳವೆ. ಮುನಿವೆಂಕಟಮ್ಮ ಎರಡು ಕೊಡ ನೀರು ಸುರಿದಳು — ಮಣ್ಣು ಒದ್ದೆಯಿದ್ದರೇ ಅರ್ಥ್ ಕೆಲಸ ಮಾಡುವುದಂತೆ. ಈ ಸಲ ಗಂಗಾಧರಯ್ಯನವರು ಮಂಡಿಯೂರಿ ಕೂತು ನಟ್ಟನ್ನು ಕೈಯಲ್ಲೇ ಮುಟ್ಟಿ ನೋಡಿದರು.

ಹತ್ತು ಗಂಟೆಗೆ ಬೋರ್ಡಿಗೆ ಜೀವ ಬಂತು. “ಮೊದಲನೇ ಕಾಲ್ ನೀವೇ ಮಾಡಿ” ಎಂದು ಗಂಗಾಧರಯ್ಯನವರು ಪ್ಲಗ್ ನನ್ನ ಕೈಗಿಟ್ಟರು. ಅವರ ಜೇಬಿನಲ್ಲಿ ಮಡಿಸಿದ ರಿಪೋರ್ಟು ಕಾಣುತ್ತಿತ್ತು.

ಒಂದನೇ ನಂಬರಿಗೆ ಹಾಕಿದೆ. ಮ್ಯಾನೇಜರ್. ಎದುರಿಗೆ ನಿಂತು ನನ್ನಿಂದ ಆಗುತ್ತಿರಲಿಲ್ಲ. ಲೈನಿನಲ್ಲಿ ನನಗೆ ಧೈರ್ಯ ಜಾಸ್ತಿ.

“ಸಾರ್, ಬೋರ್ಡು ಸರಿಹೋಯ್ತು. ಇನ್ನೊಂದು ಮಾತು. ತಪ್ಪು ಗಂಗಾಧರಯ್ಯನವ್ರದ್ದಲ್ಲ, ನಂದು.”

ಎಲ್ಲ ಹೇಳಿದೆ. ಕಂಬ, ಟೆಸ್ಟ್ ಫೋನು, ಅರ್ಥ್, ಅರ್ಥ. ಪಕ್ಕದಲ್ಲಿ ಗಂಗಾಧರಯ್ಯನವರು ‘ಬೇಡ ಬೇಡ’ ಎಂದು ಕೈ ಆಡಿಸುತ್ತಲೇ ಇದ್ದರು. ಆ ಕಡೆಯಿಂದ ಒಂದು ವಿಚಿತ್ರ ಸದ್ದು. ಲೈನ್ ಮತ್ತೆ ಕೆಟ್ಟಿತೆಂದುಕೊಂಡೆ. ಕೆಮ್ಮೋ ಏನೋ. ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು — ಶಾಂತವೀರಪ್ಪನವರ ನಗು.

“ಗಂಗಾಧರಯ್ಯನವ್ರಿಗೆ ಹೇಳಿ, ಕಾರಣ ಅನ್ನೋ ಕಡೆ ‘ಸಿಡಿಲು’ ಅಂತ ಬರೀಲಿ. ಸುಳ್ಳೇನಲ್ಲವಲ್ಲ.”

“ನಾನು ಲೇಬಲ್ಲಿಗೆ ಯಾವಾಗಿಂದ ಹೋಗ್ಬೇಕು, ಸಾರ್?”

“ನೀವು ಹೋದ್ರೆ ಬೋರ್ಡು ಯಾರು ನೋಡ್ತಾರೆ? ಆದ್ರೆ ಇನ್ಮೇಲೆ ಪ್ರತಿ ಸೋಮವಾರ ಆ ಗುಂಡಿಗೆ ನೀರು ಹಾಕ್ಸೋದು ನಿಮ್ಮ ಡ್ಯೂಟಿ. ಅರ್ಥ ಆಯ್ತಾ?”

ಬಾಯಿ ತಡೆಯಲಿಲ್ಲ.

“ಯಾವ ಅರ್ಥ, ಸಾರ್?”

1-5-1961, ಸೋಮವಾರ. ಹತ್ತೂ ಇಪ್ಪತ್ತು

ವಾರವಿಡೀ ಬರೆಯಲು ಪುರಸೊತ್ತಿಲ್ಲ. ಇವತ್ತು ಇಷ್ಟರಲ್ಲೇ ಮೂವತ್ತೊಂದು ಕಾಲ್. ಗುಂಡಿಗೆ ನೀರಾಯಿತು. ಮುನಿವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾಳೆ: “ಇಷ್ಟ್ ನೀರ್ ಉಯ್ದ್ರೂ ಒಂದ್ ಮೊಳ್ಕೆ ಬರ್ನಿಲ್ವಲ್ಲ ಅಮ್ಮಾವ್ರೇ, ಏನ್ ಬೀಜ ಆಕವ್ರೆ?” ಅದಕ್ಕೆ ನಾನು ಹೇಳಿದೆ —

ಐದನೇ ಬಾಗಿಲು. ಎಂಟು. ಒಂದನೆಯದೂ ಬಿತ್ತು. ಬಂದೆ —