ಉಡಿ ಅಕ್ಕಿ

3-11-2008, ಸೋಮವಾರ
ಮತ್ತೆ ಟ್ರೇನಿಂಗ್. ಕಲಂಗುಟ್‌ನ ಹೋಟೆಲ್ಲು, ಎ.ಸಿ. ಹಾಲ್, ಪ್ರತಿ ಕುರ್ಚಿಯ ಮುಂದೂ ನೀರಿನ ಬಾಟಲಿ. ನಮ್ಮ ಸಂಸ್ಥೆಗೆ ದುಡ್ಡು ಕೊಡುವ ವಿದೇಶಿ ಮೇಡಂ ಹೇಳಿದ್ದು: ನೀರು ದಾನವಲ್ಲ, ಹಕ್ಕು. ನೀವು ಕಳಿಸುವ ಟ್ಯಾಂಕರ್ ನಿಲ್ಲಿಸಿ. ಜನ ತಾವೇ ಪಂಚಾಯಿತಿಯನ್ನು ಕೇಳಲಿ. ಅವರ ಪರವಾಗಿ ನೀವು ಬಾಯಿ ಬಿಡಬೇಡಿ.

ಸರಿಯಾದ ಮಾತೇ. ಆದರೆ ಕೊರ್ತಾಲಿಮ್‌ನ ಕೂಲಿಕಾರರ ವಸ್ತಿಗೆ ಹೋಗಿ ಹೇಳಬೇಕಾದವಳು ನಾನು. ಬಾಟಲಿ ಬ್ಯಾಗಿಗೆ ಹಾಕಿಕೊಂಡು ಬಂದೆ.

7-11, ಶುಕ್ರವಾರ
ಹೇಳಿದೆ. ವಸ್ತಿಯ ಹುಲಿಗೆಮ್ಮ ಖಾಲಿ ಕೊಡ ನನ್ನ ಮುಂದೆ ಕುಕ್ಕಿದಳು.

“ಬರೂ ನೀರು ನಿಂದ್ರಿಸಿ ಹಕ್ಕು ಅಂತೀರಲ್ರಿ ಅಕ್ಕಾರ, ಹಕ್ಕು ಕುಡದು ಬದುಕಾಕ ಆಕ್ಕೈತೇನ್ರಿ?”

ನಾನು ಧಾರವಾಡದವಳೆಂದು ಗೊತ್ತಾದಾಗಿನಿಂದ ಪ್ರತಿ ಶುಕ್ರವಾರ ಇವಳ ಮನೆಯಲ್ಲೇ ಊಟ. ಗೋವಾದಲ್ಲಿ ನನ್ನದು ಅಂತ ಇರುವುದು ಆ ತಗಡಿನ ಮನೆಯೊಂದೇ. ಇವತ್ತು ‘ಉಣ್ಣ ಬರ್ರಿ’ ಅನ್ನಲಿಲ್ಲ. ಪರ್ವರಿಯ ನನ್ನ ಬಾಡಿಗೆ ರೂಮಿಗೆ ಬಂದು ಬ್ರೆಡ್ ತಿಂದೆ.

12-12, ಶುಕ್ರವಾರ
ಗ್ರಾಮಸಭೆ ಅಂದರೇನು, ಅಲ್ಲಿ ಹೇಗೆ ಕೇಳಬೇಕು— ವಾರ ವಾರ ಹೇಳುತ್ತೇನೆ. ಕೇಳುತ್ತಾರೆ, ಎದ್ದು ಹೋಗುತ್ತಾರೆ. ಹೆಂಗಸರು ಹೆದ್ದಾರಿ ದಾಟಿ ನೀರು ತರುತ್ತಿದ್ದಾರೆ. ಹೊರುತ್ತೇನೆಂದು ಕೈ ಚಾಚಿದೆ. ಹುಲಿಗೆಮ್ಮ ಕೊಡವನ್ನು ಆ ಕಡೆಯ ಸೊಂಟಕ್ಕೆ ಬದಲಿಸಿ ನಡೆದಳು.

25-1-2009, ರವಿವಾರ
ಗ್ರಾಮಸಭೆ. ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ವಸ್ತಿಗೆ ವಸ್ತಿಯೇ ಬಂತು, ಖಾಲಿ ಕೊಡಗಳ ಸಮೇತ! ‘ಘಾಟಿಗಳಿಗೆಂಥ ನಲ್ಲಿ’ ಎಂದ ಒಬ್ಬ; ಘಟ್ಟದಾಚೆಯಿಂದ ಬಂದ ನಮ್ಮಂಥವರನ್ನು ಇಲ್ಲಿ ಹಾಗೆಯೇ ಹೀಗಳೆಯುವುದು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹುಲಿಗೆಮ್ಮ ಎದ್ದಳು. ಕೊಂಕಣಿ, ಹಿಂದಿ, ಕನ್ನಡ ಎಲ್ಲ ಕಲಸಿ—

“ವೋಟು ಕೇಳಾಕ ಬಂದಾಗ ಮೌಶಿ, ಚಿಗವ್ವ ಅಂದಿದ್ರಿ. ಮೌಶಿಗೆ ನೀರಡಿಕಿ ಆಗೂದಿಲ್ಲೇನ್ರಿ?”

ಸಭೆ ನಕ್ಕಿತು. ನಲ್ಲಿಗೆ ಒಪ್ಪಿಗೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಖುಷಿಯಾಯಿತು. ಅಳುವೂ ಬಂತು.

17-4, ಶುಕ್ರವಾರ
ನಲ್ಲಿಯಲ್ಲಿ ನೀರು ಬಂತು. ಹುಲಿಗೆಮ್ಮ ಕೈ ಹಿಡಿದು ಒಳಗೆ ಕರೆದಳು. ರೊಟ್ಟಿ, ಪುಂಡಿಪಲ್ಯ— ಎಷ್ಟು ದಿನವಾಗಿತ್ತು! ಆಮೇಲೆ ಮಣೆ ಹಾಕಿ ಕೂರಿಸಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿದಳು.

“ಮದುವಿ ಆಗದಾಕಿಗೂ ಉಡಿ ತುಂಬ್ತಾರೇನ?”

“ಮಗಳು ಅಂದ ಮ್ಯಾಲ ಮಗಳ್ರಿ.”

ಮುಂದಿನ ಶುಕ್ರವಾರ ಹೋಳಿಗೆ ಮಾಡು ಎನ್ನುವವಳಿದ್ದೆ. ಅಷ್ಟರಲ್ಲಿ ಅವಳೇ—

“ಇಲ್ಲಿ ನಿಮ್ಮ ಕೆಲಸ ಮುಗೀತಲ್ರಿ. ಇನ್ನ ಎಲ್ಲಿದ್ರೂ ಚಂದಾಗಿರ್ರಿ.”

ತವರು ಬಿಟ್ಟು ಹೊರಡುವ ಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ. ನಾನು ಹೊರಟಿದ್ದೇನೆಂದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ಶುಕ್ರವಾರ ಸುಮ್ಮನೆ ಬಂದರೆ ಆಗದೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

18-4, ಶನಿವಾರ, ಸಂಜೆ
ಮೇಡಂ ಫೋನು. ಕಂಗ್ರಾಚುಲೇಶನ್ಸ್, ನಮ್ಮ ಅಪ್ರೋಚ್ ಗೆದ್ದಿತು, ಕೊರ್ತಾಲಿಮ್ ಪ್ರಾಜೆಕ್ಟ್ ಕ್ಲೋಸ್. ಥ್ಯಾಂಕ್ಸ್ ಎಂದೆ.

ಉಡಿ ಅಕ್ಕಿ ಒಲೆಯ ಮೇಲಿದೆ. ಅದನ್ನು ಹೊರಗಿನವರಿಗೆ ಕೊಡಬಾರದು, ಮನೆಯವರೆಲ್ಲ ಕೂತು ಉಣ್ಣಬೇಕು ಅಂತ ಅವ್ವ ಹೇಳುತ್ತಿದ್ದಳು. ರೂಮಿನಲ್ಲಿರುವ ಒಂದೇ ತಟ್ಟೆ ತೊಳೆದಿಟ್ಟೆ. ಮನೆಯವರು…