ಕೂದಲೆಳೆಯಷ್ಟು ಸಡಿಲ

ಶನಿವಾರ, ರಾತ್ರಿ

ಅಕ್ಕನ ಮಾತು ಇನ್ನೂ ಚುಚ್ಚುತ್ತಿದೆ. "ನಿನ್ನ ಹಟಕ್ಕೆ ನನ್ನ ಕಾಲು ಮುರೀಬೇಕೇನೇ? ರಿಪೇರಿ ಅಂಗಡಿಗೆ ಕೊಟ್ಬಿಡು." ನಾಳೆ ಅವಳು ಗುಡ್ಡ ಇಳಿಯುವುದು ಈ ಸೈಕಲ್ಲಿನಲ್ಲೇ. ಕೊಡುವುದಿಲ್ಲ.

ಸಂಜೆಯೇ ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿ, ಬೇರಿಂಗ್ ಗುಂಡುಗಳನ್ನು ಒರೆಸಿ, ಗ್ರೀಸ್ ತುಂಬಿ, ಅವನ್ನು ಒತ್ತಿ ಹಿಡಿಯುವ ಕೋನನ್ನು ಹದವಾಗಿ ಬಿಗಿದಿದ್ದೆ. ಕೂದಲೆಳೆಯಷ್ಟು ಸಡಿಲವನ್ನು ಬೇಕೆಂದೇ ಬಿಟ್ಟಿದ್ದೆ. ಚಕ್ರವನ್ನು ಫ್ರೇಮಿಗೆ ಕೂರಿಸಿ, ಅಚ್ಚನ್ನು ಬಿಗಿಹಿಡಿಯುವ ಲಿವರ್ ಒತ್ತಿದರೆ ಆ ಸಡಿಲ ತಾನಾಗಿಯೇ ಹೋಗುತ್ತದೆ. ಕೈ ತೊಳೆದು ಬರುವಷ್ಟರಲ್ಲಿ ಭಾವ ಸ್ಪ್ಯಾನರ್ ಹಿಡಿದು ಕೂತಿದ್ದರು.

"ಸ್ವಲ್ಪ ಅಲ್ಲಾಡ್ತಿತ್ತು ಪುಟ್ಟಿ, ಚೆನ್ನಾಗಿ ಬಿಗಿ ಮಾಡ್ದೆ. ನಿಮ್ಮಕ್ಕ ಬಿದ್ರೆ ಗತಿ ಏನು?"

ಲಿವರ್ ಒತ್ತಿ ತಿರುಗಿಸಿದರೆ ಚಕ್ರ ಮರಳು ಅರೆದಂತೆ ಗರಗರ ಎಂದಿತು. ಅಕ್ಕ ಹಾಗಂದದ್ದು ಆಗಲೇ. ಬಿಗಿದವರು ಯಾರೆಂದು ನಾನು ಬಾಯಿ ಬಿಡಲಿಲ್ಲ.

ಊಟ ಬಿಟ್ಟು ಮತ್ತೆ ಬಿಚ್ಚಿದೆ. ಕೋನ್ ಕದಲದಂತೆ ಹಿಡಿಯಬೇಕಾದ ಲಾಕ್‌ನಟ್ ಬಿಗಿಯುವಾಗಲೆಲ್ಲ ಅದು ಹಟಮಾರಿ ಮಗುವಿನಂತೆ ಜೊತೆಗೇ ತಿರುಗುತ್ತಿತ್ತು. ಅದಕ್ಕಿಂತ ನನ್ನ ಹಟ ದೊಡ್ಡದು. ಕೊನೆಗೂ ಸೈಕಲ್ಲಿಗೆ ಹಾಕಿ ಟೈರ್ ಹಿಡಿದು ಅಲ್ಲಾಡಿಸಿದೆ, ಮಿಸುಕಲಿಲ್ಲ. ತಿರುಗಿಸಿದೆ, ಸದ್ದೇ ಇಲ್ಲ.

ಸೈಕಲ್ ಹಜಾರದಲ್ಲಿದೆ. ಸ್ಪ್ಯಾನರ್ ನನ್ನ ದಿಂಬಿನಡಿ ಇದೆ. ಭಾವ ತುಂಬ ಒಳ್ಳೆಯವರು, ಅದೇ ಭಯ.