ಕಿಟಕಿ ಕಟ್ಟೆಯ ಸಬ್ಬಸಿಗೆ

ರಾಜಾಜಿನಗರ, ಬೆಂಗಳೂರು
೧೬ ಜನವರಿ ೧೯೫೭, ಬುಧವಾರ

ನನ್ನ ಮುದ್ದಿನ ಜಗದಾಂಬಾ,

ಮೊದಲು ಕೂತುಕೋ. ಆಮೇಲೆ ಓದು. ನಿಮ್ಮವ್ವ ಮನೆ ಬಿಟ್ಟು ಕಾಡು ಸೇರಿದ್ದಾಳೆ. ಕರೆದರೆ ಬರುವುದಿಲ್ಲ, ಊಟಕ್ಕೂ ಏಳುವುದಿಲ್ಲ, ನನ್ನನ್ನು ಕಂಡರೆ ಹುಲಿಯ ಹಾಗೆ ನೋಡುತ್ತಾಳೆ.

ಹೆದರಿದೆಯಾ? ತಪ್ಪಾಯಿತು ಕಣವ್ವ. ತುಂಬಿದ ಬಸುರಿಗೆ ಹೀಗೆ ಬರೆಯುವ ಕೈಗೆ ಬರೆ ಹಾಕಬೇಕು. ಕಾಡು ಎಂದರೆ ನಮ್ಮ ಮನೆಯ ಕಿಟಕಿ. ನಿಮ್ಮವ್ವ ಹದಿನೈದು ದಿನದಿಂದ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕಾವಲು ಕೂತಿದ್ದಳು. ಯಾಕೆ ಎಂದು ಹೇಳುತ್ತೇನೆ. ನಿನ್ನ ಕಾಗದಕ್ಕೆ ಉತ್ತರವೂ ಅದರಲ್ಲೇ ಇದೆ.

ನೀನು ಬರೆದದ್ದು ನನ್ನ ಎದೆಯಲ್ಲಿ ಕೂತಿದೆ. ಚೊಚ್ಚಲ ಹೆರಿಗೆಗೆ ಅವ್ವನ ಕೈಯೇ ಬೇಕು ಎಂದಿದ್ದೀಯ. ಆದರೆ ನಮಗೂ ಮನೆಯ ಓನರಿಗೂ ಜಗಳವಂತೆ ಎಂಬ ಸುದ್ದಿ ಚಿತ್ರದುರ್ಗದವರೆಗೂ ಹೋಗಿ, ನಿಮ್ಮತ್ತೆಯವರು ಮನೆ ನಿಕ್ಕಿಯಿಲ್ಲದ ಕಡೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಕೂತಿದ್ದಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ನಾನಾದರೂ ಹಾಗೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ಕೆಟ್ಟದಾಗಿ.

ನೀನು ಈ ಮನೆ ನೋಡಿಲ್ಲ. ಮಿಲ್ಲಿನ ಕೆಲಸ ಮುಗಿದ ಮೇಲೆ ಬಿನ್ನಿಪೇಟೆ ಬಿಟ್ಟು ಇಲ್ಲಿಗೆ ಬಂದೆವು. ಒಂದು ಕೋಣೆ, ಒಂದು ಅಡಿಗೆಮನೆ, ಬೀದಿಗೆ ಒಂದು ಕಿಟಕಿ. ಬಿಸಿಲು ಒಳಗೆ ಬರುವ ದಾರಿ ಅದೊಂದೇ. ಓನರು ರಾಮಯ್ಯ, ತಾಯಿ ಮುನಿತಾಯಮ್ಮನ ಜೊತೆ ಪಕ್ಕದಲ್ಲೇ ಇದ್ದಾನೆ. ಈ ಬೀದಿಯೆಲ್ಲ ಮೊದಲು ಅವರ ರಾಗಿ ಹೊಲ. ಬಡಾವಣೆಗೆ ಹೊಲ ಹೋಯಿತು, ಬಂದ ದುಡ್ಡಿನಲ್ಲಿ ಈ ಮನೆಗಳನ್ನು ಕಟ್ಟಿಸಿದ. ಉಳುವ ಕೈಗೆ ಬಾಡಿಗೆ ಎಣಿಸುವ ಕೆಲಸ ಬಂತು.

ನಿನಗೆ ಐದು ತಿಂಗಳು ಎಂದು ಗೊತ್ತಾದ ದಿನವೇ ನಿಮ್ಮವ್ವ ಸೀಮೆಎಣ್ಣೆ ಡಬ್ಬವನ್ನು ಅಡ್ಡಕ್ಕೆ ಕತ್ತರಿಸಿ, ಮಣ್ಣು ತುಂಬಿ, ಕಿಟಕಿ ಕಟ್ಟೆಯ ಮೇಲಿಟ್ಟು ಸಬ್ಬಸಿಗೆ ಬಿತ್ತಿದಳು. ಬಾಣಂತಿಗೆ ಹಾಲು ಬರಬೇಕಲ್ಲ, ಅದಕ್ಕೆ. ಪೇಟೆಯಲ್ಲಿ ಸಿಗುವುದಿಲ್ಲವೇನೇ ಎಂದೆ. "ಆ ಸೊಪ್ಪು ಮೋರಿ ನೀರಾಗ ಬೆಳದದ್ದು. ಹಸಿ ಬಾಣಂತಿಗೆ ಅದನ್ನ ಕೊಡ್ಲೇನು? ನಿಮಗ ಬೇಕಾದ್ರ ತಿನ್ರಿ, ನಿಮಗೇನೂ ಆಗಂಗಿಲ್ಲ" ಎಂದಳು. ಒಂದು ಡಬ್ಬ ಕೊಯ್ಲಿಗೆ ಬರುವಷ್ಟರಲ್ಲಿ ಇನ್ನೊಂದು ಮೊಳೆಯಬೇಕು ಎಂದು ಡಬ್ಬದ ಪಕ್ಕ ಡಬ್ಬ ಸೇರಿಸಿದಳು. ಕಂಬಿಗೆ ಬಸಳೆ ಹಬ್ಬಿಸಿದಳು. ಮೂಲೆಯಲ್ಲಿ ಮಗುವಿನ ಕೆಮ್ಮಿಗೆ ದೊಡ್ಡಪತ್ರೆ. ಕಡೆಗೆ ಮನೆಯೊಳಗೆ ಬೆಳಕು ಹಸಿರಾಯಿತು, ನನ್ನ ಮುಖವೂ ಹಸಿರಾಯಿತು.

ನೀರು ಸೋರಿ ಹೊರಗೋಡೆಯ ಹೊಸ ಸುಣ್ಣದ ಮೇಲೆ ಕೆಮ್ಮಣ್ಣು ಇಳಿಯಿತು. ರಾಮಯ್ಯ ಬಂದು ಮರ್ಯಾದೆಯಿಂದಲೇ, "ಅಮ್ಮಾ, ಡಬ್ಬ ತೆಗೀರಿ, ಗೋಡೆ ಕೆಡ್ತಾ ಐತೆ" ಎಂದ. ಕಿಟಕಿ ತುಂಬ ಸೊಪ್ಪು ಬೆಳೆದವಳು ಅವನಿಗೆ ಮಾತ್ರ ಸೊಪ್ಪು ಹಾಕಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಗೊಣಗಿಕೊಂಡು ಸುಮ್ಮನಾಗುತ್ತಿದ್ದ. ನಾನು ಬಿಡಬೇಕಲ್ಲ! ಮಾರನೆಯ ದಿನ ನೀಲಿ ಸೀಮೆಸುಣ್ಣ ತಂದು ಕಿಟಕಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ರಾಮಯ್ಯನವರ ಹೊಲ, ದನ ಬಿಡಬಾರದು.

ಬೀದಿಯೆಲ್ಲ ನಕ್ಕಿತು. ನೀರಿನ ನಲ್ಲಿಯ ಹತ್ತಿರ ಒಬ್ಬ, "ಏನ್ ರಾಮಯ್ಯ, ಈ ಸಲ ಮಳೆ ಹೆಂಗೆ?" ಎಂದು ಕೇಳಿದನಂತೆ. ರಾಮಯ್ಯ ನೇರ ನಮ್ಮ ಬಾಗಿಲಿಗೆ ಬಂದ.

"ಹೊಲ ಹೋಗಿದ್ದು ನಂಗೆ ತಮಾಸೆ ಅಲ್ಲ ಜಂಬಣ್ಣೋರೇ. ಸಂಕ್ರಾಂತಿ ಒಳಗೆ ಡಬ್ಬ ಇಳೀಬೇಕು. ಇಲ್ಲ ನೀವ್ ಇಳೀಬೇಕು."

ನಗುವಿನ ಕಲ್ಲು ಎಲ್ಲಿ ಬಿದ್ದಿದೆ ಎಂದು ನನಗೆ ಆಗ ತಿಳಿಯಿತು. ಒದ್ದೆ ಬಟ್ಟೆ ತಂದು ಬರೆದದ್ದನ್ನು ಒರೆಸಿದೆ. ಗೋಡೆಯಿಂದ ಹೋಯಿತು, ಅವನ ಮುಖದಿಂದ ಹೋಗಲಿಲ್ಲ. ಮೂರೇ ದಿನಕ್ಕೆ ಯಾರೋ ಹೊಸ ಬಾಡಿಗೆಯವರು ಬಂದು ಹೊರಗಿನಿಂದಲೇ ಮನೆ ನೋಡಿಕೊಂಡು ಹೋದರು. ನಿನ್ನನ್ನು ಎಲ್ಲಿ ಮಲಗಿಸುವುದು ಎಂದು ನನಗೆ ಚಿಂತೆ ಹತ್ತಿತು. ಡಬ್ಬ ಇಳಿಸೋಣ ಮಾರಾಯ್ತಿ ಎಂದು ನಿಮ್ಮವ್ವನ ಕೈ ಹಿಡಿದೆ. "ಅಂವ ಇವತ್ತು ಡಬ್ಬ ಅಂತಾನ, ನಾಳೆ ಕೂಸಿನ ಬಟ್ಟಿ ಒಣಗಿಸಬ್ಯಾಡ್ರಿ ಅಂತಾನ. ಎಷ್ಟಂತ ಇಳಸೂಣು?" ಎಂದಳು. ಅಂದಿನಿಂದ ಚಾಪೆ ಕಿಟಕಿಯ ಪಕ್ಕಕ್ಕೆ ಹೋಯಿತು.

ಸಂಕ್ರಾಂತಿಯ ಬೆಳಿಗ್ಗೆ ರಾಮಯ್ಯ ಬಂದು ಹೊರಗಿನಿಂದ ಡಬ್ಬಕ್ಕೆ ಕೈ ಹಾಕಿದ. ನಿಮ್ಮವ್ವ ಒಳಗಿನಿಂದ ಕಂಬಿಯ ನಡುವೆ ಕೈ ತೂರಿಸಿ ಹಿಡಿದುಕೊಂಡಳು. ಅವನು ಎಳೆದ, ಇವಳೂ ಎಳೆದಳು. ತಗಡು ಅವಳ ಅಂಗೈ ಕುಯ್ಯಿತು. ರಕ್ತ ಬಂದರೂ ಬಿಡಲಿಲ್ಲ. "ಬಿಡಮ್ಮಾ" ಎನ್ನುತ್ತಾನೆ ಅವನು, "ನೀ ಬಿಡಪ್ಪಾ" ಎನ್ನುತ್ತಾಳೆ ಇವಳು.

ಆಗ ಎಳ್ಳುಬೆಲ್ಲದ ತಟ್ಟೆ ಹಿಡಿದು ಮುನಿತಾಯಮ್ಮ ಹೊರಗೆ ಬಂದಳು.

"ಏನ್ಲಾ ರಾಮ, ಹಬ್ಬದ್ ದಿನ ಪೈರಿನ ಮ್ಯಾಲೆ ಕೈ ಇಕ್ತೀಯಾ?"

"ಪೈರಲ್ಲ ಕಣವ್ವಾ, ಸೀಮೆಣ್ಣೆ ಡಬ್ಬ. ಗೋಡೆ ನೋಡು ಹೆಂಗಾಗೈತೆ."

"ಗೋಡೆಗೆ ಇನ್ನೊಂದ್ ಕಿತ ಸುಣ್ಣ ಹೊಡೀತೀಯ. ಕಿತ್ತಾಕಿದ್ ಪೈರಿಗೆ ಏನ್ಲಾ ಹೊಡೀತೀಯ?"

ರಾಮಯ್ಯ ಕೈ ಬಿಟ್ಟ. ಮುದುಕಿ ತಟ್ಟೆಯನ್ನು ನನ್ನ ಕೈಗಿತ್ತು, ಡಬ್ಬದ ಮಣ್ಣನ್ನು ಬೆರಳಲ್ಲಿ ಕೆದಕಿದಳು. ಹೊಲ ಹೋದ ಮೇಲೆ ಸಂಕ್ರಾಂತಿಗೆ ಅವಳು ಕೊಯ್ದ ಪೈರು ಮುಟ್ಟಿರಲಿಲ್ಲ. ಆಮೇಲೆ ಶುರುವಾಯಿತು.

"ಇಷ್ಟ್ ಒತ್ತಾಗಿ ಬಿತ್ತೀಯಲ್ಲೇ ತಾಯಿ! ಉಸಿರಾಡೋದು ಬ್ಯಾಡ್ವಾ ಅದು? ಇನ್ಮ್ಯಾಕೆ ಇದನ್ನ ವಾರಕ್ಕೆ ಮಾಡು. ನೆಲ ನಮ್ದು, ಗೇಯ್ಮೆ ನಿಂದು. ಬೆಳೆ ಅರ್ಧ ಅರ್ಧ."

"ತಿಂಗಳಾ ಬಾಡಿಗಿ ಕೊಡ್ತೀವಲ್ಲ ಅಜ್ಜಿ, ಮತ್ತ ಪಾಲ್ ಯಾಕ?" ಎಂದಳು ನಿಮ್ಮವ್ವ, ಕೈಗೆ ಸೆರಗು ಸುತ್ತಿಕೊಳ್ಳುತ್ತ.

"ಬಾಡಿಗೆ ಒಳಗಿನ್ ಜಾಗಕ್ಕೆ. ಕಂಬಿಯಿಂದಾಚೆ ನಂದು."

ನನಗೆ ತಡೆಯಲಾಗಲಿಲ್ಲ. ಅಜ್ಜಿ, ವಾರ ಅಂದರೆ ಪಾಲಿನ ವಾರವೋ, ಏಳು ದಿನದ ವಾರವೋ ಎಂದೆ. "ಎರಡೂ ಕಣಯ್ಯ. ವಾರ ವಾರ ವಾರ ಕೊಡ್ರಿ" ಎಂದುಬಿಟ್ಟಳು. ಈ ವಯಸ್ಸಿನಲ್ಲಿ ನನಗೊಬ್ಬ ಗುರು ಸಿಕ್ಕಳು!

ಅರ್ಧ ಸೊಪ್ಪು ಹೋದರೆ ಮಗಳಿಗೇನು ಉಳಿಯುತ್ತದೆ ಎಂದು ನಿಮ್ಮವ್ವನ ಕಣ್ಣು ತುಂಬಿತು. ಮುದುಕಿ ಅದನ್ನು ನೋಡಿದಳು. "ಬಸುರಿ ಯಾವಾಗ ಬತ್ತಾಳೆ?" ಎಂದು ಕೇಳಿದಳು. ಮಾಘದಲ್ಲಿ ಎಂದೆವು. "ಹಂಗಾದ್ರೆ ನನ್ ಪಾಲೂ ಅವಳ್ ಸಾರಿಗೇ ಹಾಕು. ಲೆಕ್ಕಕ್ಕೆ ಮಾತ್ರ ನಂದು" ಎಂದಳು.

ಹೀಗೆ ಜಗಳ ಮುಗಿಯಿತು. ಡಬ್ಬಗಳು ಅಲ್ಲೇ ಇವೆ, ನಾವೂ ಇಲ್ಲೇ ಇದ್ದೇವೆ. ಎರಡು ದಿನದಿಂದ ಮುದುಕಿ ಬೆಳಿಗ್ಗೆ ಬಂದು ಹೊರಗಿನಿಂದ ಕಳೆ ಕೀಳುತ್ತಾಳೆ, ನಿಮ್ಮವ್ವ ಒಳಗಿನಿಂದ ನೀರು ಹನಿಸುತ್ತಾಳೆ. ಮಧ್ಯೆ ಕಂಬಿ ಇರುವುದರಿಂದ ಇಬ್ಬರೂ ಕ್ಷೇಮ. ಅಂಗೈ ಗಾಯ ಮಾಯುತ್ತಿದೆ, ಯೋಚಿಸಬೇಡ. ಮನೆ ನಿಕ್ಕಿಯಾಗಿದೆ ಎಂದು ನಿಮ್ಮತ್ತೆಯವರಿಗೆ ಧೈರ್ಯವಾಗಿ ಹೇಳು. ಮಾಘದ ಹುಣ್ಣಿಮೆ ಕಳೆದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಬಸ್ಸಿನಲ್ಲಿ ನಗಿಸುವುದಿಲ್ಲ, ಆಣೆ. ಅಳಿಯಂದಿರಿಗೆ ನಮಸ್ಕಾರ ತಿಳಿಸು.

ನಿನ್ನ ದಾರಿ ಕಾಯುತ್ತಿರುವ, ಹಸಿರು ಮುಖದ ಅಪ್ಪ,
ಜಂಬಣ್ಣ

ಮರೆತ ಮಾತು: ನಿಮ್ಮವ್ವನಿಗೆ ಓದು ಬಾರದಲ್ಲ, ಸಹಿಯವರೆಗೆ ಓದಿ ಹೇಳಿದ್ದೇನೆ. ಇಲ್ಲಿಂದ ಮುಂದಿನದು ನಿನಗೊಬ್ಬಳಿಗೆ.

ತಾಯಿಯ ಮುಂದೆ ಕೈ ಬಿಟ್ಟ ರಾಮಯ್ಯ ಮನಸ್ಸಿನಿಂದ ಬಿಟ್ಟಿರಲಿಲ್ಲ. ಹಬ್ಬದ ಸಂಜೆ ಮಾಗಡಿ ರಸ್ತೆಯಲ್ಲಿ ಅವನನ್ನು ಹುಡುಕಿಕೊಂಡು ಹೋದೆ. "ಅವ್ವ ಹೇಳಿದ್ದು ಸರಿ. ಆದ್ರೆ ಬೀದೀಲಿ ತಲೆ ಎತ್ಕಂಡು ಓಡಾಡೋಕ್ ಆಯ್ತಿಲ್ಲ. ನಾಳೆ ಅವ್ವ ಎಲ್ಲಾದ್ರೂ ಹೋದಾಗ ನಾನೇನ್ ಮಾಡ್ತೀನೋ ನಂಗೇ ಗೊತ್ತಿಲ್ಲ" ಎಂದ. ಅವನ ಹೊಲವನ್ನು ಗೋಡೆಯ ಮೇಲೆ ಬರೆದು ನಗಿಸಿದವನು ನಾನು. ಅವನಿಗೆ ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಮಗಳ ಬಾಣಂತನ ಮುಗಿಯುವವರೆಗೆ ನಮ್ಮನ್ನು ಮುಟ್ಟಬೇಡ, ಅವಳು ಮಗುವನ್ನು ಎತ್ತಿಕೊಂಡು ಚಿತ್ರದುರ್ಗಕ್ಕೆ ಹೊರಟ ಮಾರನೆಯ ದಿನವೇ ಮನೆ ಖಾಲಿ ಮಾಡುತ್ತೇನೆ ಎಂದು ಲಿಂಗ ಮುಟ್ಟಿ ಮಾತು ಕೊಟ್ಟೆ. ಅವನು ಒಪ್ಪಿ, ನನ್ನ ಭುಜ ತಟ್ಟಿ ಹೋದ.

ನಿಮ್ಮವ್ವನಿಗೆ ಹೇಳಿಲ್ಲ. ಇವತ್ತು ಬೆಳಿಗ್ಗೆ, ಮುಂದೆ ಮೊಮ್ಮಗು ದೊಡ್ಡದಾಗಿ ಬಂದಾಗ ಕೀಳಲಿ ಎಂದು ನಿಂಬೆ ಬೀಜ ಹಾಕಲು ಇನ್ನೊಂದು ಡಬ್ಬಕ್ಕೆ ಮಣ್ಣು ಕೇಳಿದಳು. ತಂದು ಕೊಟ್ಟೆ.